ಕಂಡಿಕೆ ಸುತ್ತಲು ಕಲಿತ ತಿಂಗಳು

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಇಳಕಲ್ಲಿನ ಒಂದು ಪ್ರೌಢಶಾಲೆ. ಬಾಗಲಕೋಟೆಯಿಂದ ಹೊರಟ ಬಸ್ಸು ಹುನಗುಂದ ದಾಟುವವರೆಗೂ ಪೀಠಿಕೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದೆ. ಚೀಲದ ತುಂಬ ಚಾರ್ಟುಗಳಿದ್ದವು.

ನಮ್ಮ ಮನೆ ಗುಳೇದಗುಡ್ಡದಲ್ಲಿ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ನೆಲೆ ಮಾಡಿಕೊಂಡಿದ್ದ ಊರು ಅದು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಮನೆತನ ನಮ್ಮದು. ಯೇಸು ಶಿಷ್ಯರ ಪಾದ ತೊಳೆದ ಪ್ರಸಂಗವನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ. ಕಾಲೇಜಿನಲ್ಲಿ ಸೇವಕ ನಾಯಕತ್ವದ ಬಗ್ಗೆ ಸೆಮಿನಾರ್ ಕೊಟ್ಟವಳೂ ನಾನೇ. ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಆ ಹೆಸರಿಟ್ಟು ಬರೆದ ಪ್ರಬಂಧವನ್ನು ವಿವರಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಆದರೆ ಎಂಟನೇ ತರಗತಿಯಲ್ಲಿ ಮೊದಲ ವಾರ ನಾನು ಮಾಡಿದ ದೊಡ್ಡ ಕೆಲಸವೆಂದರೆ, ಬಾದಾಮಿ ಚಾಲುಕ್ಯರ ಪಾಠ ನಡೆದಾಗ ತೂಕಡಿಸುತ್ತಿದ್ದ ಒಬ್ಬ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದ್ದು. "ನಿದ್ದೆ ಮಾಡಾಕ ಸಾಲಿಗೆ ಬರ್ತೀಯೇನು?" ಎಂದೆ. ತರಗತಿ ನಕ್ಕಿತು. ಅವಳು ನಗಲಿಲ್ಲ. ಮರುದಿನದಿಂದ ಶಾಲೆಗೂ ಬರಲಿಲ್ಲ.

ಅವಳು ನಸುಕಿನಲ್ಲಿ ಎದ್ದು ಮಗ್ಗಕ್ಕೆ ಕಂಡಿಕೆ ಸುತ್ತಿಕೊಟ್ಟು ಶಾಲೆಗೆ ಬರುತ್ತಾಳೆಂದು ಪಕ್ಕದ ಬೆಂಚಿನವಳು ಹೇಳಿದಾಗ ನನ್ನ ಚಾರ್ಟುಗಳ ಮೇಲೆ ನನಗೇ ಬೇಸರ ಬಂತು. ಸಂಜೆ ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಬಾಗಿಲಲ್ಲೇ ನಿಂತು ಕೇಳಿದರು: "ಅಕ್ಕೋರ, ನೀವು ಚರ್ಚಿನವ್ರಂತಲ್ರಿ. ಹುಡುಗೀನ್ನ ನಿಮ್ಮ ಕಡಿ ಎಳಕೊಳ್ಳಾಕ ಬಂದೀರೇನ್ರಿ?"

ಉತ್ತರ ಹೊಳೆಯಲಿಲ್ಲ. ಕ್ಷಮೆ ಕೇಳಲು ಬಂದವಳು ಅದನ್ನೂ ಕೇಳದೆ ಹಿಂದಿರುಗಿದೆ. ಆ ರಾತ್ರಿ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಮರುದಿನ ಮಾರ್ಗದರ್ಶಕ ಶಿಕ್ಷಕಿಯ ಮುಂದೆ ತೋಡಿಕೊಂಡೆ. ಅವರು ನೋಟ್ಸ್ ತಿದ್ದುತ್ತಲೇ, "ಸಮಜಾಯಿಷಿ ಕೊಡಾಕ ಹೋಗಬ್ಯಾಡ್ರಿ. ಅವ್ರಿಗೆ ಗೊತ್ತಿದ್ದು ನಿಮಗ ಗೊತ್ತಿಲ್ಲಲ್ಲ, ಅದನ್ನ ಕೇಳ್ರಿ" ಎಂದರು.

ಮತ್ತೆ ಹೋದೆ. ಬೈದದ್ದು ನನ್ನ ತಪ್ಪು ಎಂದು ಹುಡುಗಿಯ ಎದುರೇ ಹೇಳಿದೆ. ಆಮೇಲೆ, ಕಂಡಿಕೆ ಸುತ್ತುವುದನ್ನು ನನಗೂ ಕಲಿಸುತ್ತೀರಾ ಎಂದು ಕೇಳಿದೆ. ತಾಯಿ ನನ್ನ ಮುಖವನ್ನೇ ನೋಡಿದರು, ಜಾಗ ಬಿಟ್ಟರು. ನನ್ನ ಕೈಯಲ್ಲಿ ಎಳೆ ಹರಿಯಿತು, ಗಂಟು ಹಾಕಿದೆ, ಮತ್ತೆ ಹರಿಯಿತು. "ಅಕ್ಕೋರ, ಹಂಗ ಜಗ್ಗಬ್ಯಾಡ್ರಿ" ಎಂದು ಹುಡುಗಿ ನನ್ನ ಬೆರಳು ಹಿಡಿದು ತೋರಿಸಿದಳು. ಅವಳ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅಂದೇ. ವಾರದಲ್ಲಿ ಮೂರು ಸಂಜೆ ಹೋಗತೊಡಗಿದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಸೀರೆ ಉಟ್ಟೇ ಬೆಳೆದ ನನಗೆ ಅದು ಗೊತ್ತಿರಲಿಲ್ಲ.

1853ರಲ್ಲಿ ಬಾಸೆಲ್ ಮಿಷನ್ನಿಂದ ಬಂದ ಫರ್ಡಿನಾಂಡ್ ಕಿಟೆಲ್ ನನಗೆ ಆಗ ನೆನಪಾಗುತ್ತಿದ್ದರು. ಧರ್ಮ ಹೇಳಲು ಬಂದವರು ಕನ್ನಡ ಕಲಿಯುತ್ತ ಕುಳಿತರು. ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು, 1894ರಲ್ಲಿ ನಿಘಂಟು ಹೊರತಂದರು. ಅವರ ಬೋಧನೆಯಲ್ಲಿ ಏನಿತ್ತೆಂದು ಇಂದು ಎಷ್ಟು ಜನಕ್ಕೆ ಗೊತ್ತು? ನಿಘಂಟು ಮಾತ್ರ ಎಲ್ಲರಿಗೂ ಗೊತ್ತು. (ಮಿಷನ್ನಿನ ಚರಿತ್ರೆಯೆಲ್ಲ ಇಷ್ಟು ಸರಳವಲ್ಲ, ಬಲ್ಲೆ. ಆ ತಾಯಿಯ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.)

ಹುಡುಗಿ ಶಾಲೆಗೆ ಬಂದಳು. ಬಿಸಿಯೂಟದ ನಂತರದ ಅರ್ಧ ಗಂಟೆ ಅವಳಿಗೂ ಇನ್ನೂ ನಾಲ್ವರು ನೇಕಾರರ ಮಕ್ಕಳಿಗೂ ಬಿಟ್ಟುಹೋದ ಪಾಠ ಹೇಳಿದೆ. ಒಂದು ದಿನ ಸೆರಗು ಕೂಡಿಸುವ ಬಗೆಯನ್ನು ಅವಳೇ ತರಗತಿಗೆ ವಿವರಿಸಿದಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಅಂದೇ ವೀಕ್ಷಣೆಗೆ ಬಂದ ಮೇಲ್ವಿಚಾರಕರು ಪಾಠ ಯೋಜನೆ ಬಿಟ್ಟು ಹೋಗಿದ್ದೀರಿ ಎಂದು ಬರೆದು ಅಂಕ ಕಡಿಮೆ ಕೊಟ್ಟರು. ಯೋಜನೆ ಬಿಟ್ಟಿದ್ದು ನಿಜವೇ.

ನಿಜವಾದ ಪರೀಕ್ಷೆ ಆಮೇಲೆ ಬಂತು. ಹುಡುಗಿಯ ತಮ್ಮನಿಗೆ ಜ್ವರ ಬಿಡಲಿಲ್ಲ. ತಾಯಿ ನನ್ನ ಕೈ ಹಿಡಿದು, "ನಿಮ್ಮ ದೇವ್ರಿಗೂ ಒಂದ್ ಮಾತ ಹೇಳವ್ವ" ಎಂದರು. ಅಕ್ಕೋರು ಹೋಗಿ ಅವ್ವ ಆಗಿದ್ದೆ. ಅಂದು ಅಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ. ನಾನು ಆಟೋ ಕರೆತಂದು ಇಬ್ಬರನ್ನೂ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ, ಚೀಟಿ ಮಾಡಿಸಿದೆ, ಪಾಳಿಯಲ್ಲಿ ನಿಂತೆ. ಪ್ರಾರ್ಥನೆ ರಾತ್ರಿ ನನ್ನ ಕೋಣೆಯಲ್ಲಿ ಮಾಡಿದೆ. ಮೂರು ದಿನಕ್ಕೆ ಜ್ವರ ಇಳಿಯಿತು. ಪ್ರಾರ್ಥಿಸಿದ್ದನ್ನು ಅವರಿಗೆ ಹೇಳಲಿಲ್ಲ.

ಊರಿಗೆ ಹೋದಾಗ ಮಾಮಾ ಬೇಸರ ಮಾಡಿಕೊಂಡರು. "ಬಾಗಲಾ ತಾನ ತೆರದಿತ್ತು. ಯಾಕ ಹೊರಗ ನಿಂತಿ?"

"ಅಕ್ಕೋರು ಅಂತ ತೆರದಿದ್ರು, ಮಾಮಾ" ಎಂದೆ. ಅವರು ಒಪ್ಪಲಿಲ್ಲ. ನಾನು ಮಾಡಿದ್ದು ಹಿಂಜರಿಕೆಯೇ ಎಂದು ನನಗೂ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಹನ್ನೆರಡು ದಾಟಿದ ಮಗುವಿನ ಮನೆಯವರು ಶಿಕ್ಷಕಿಯನ್ನು ನಂಬಿ ಒಳಗೆ ಬಿಟ್ಟಾಗ, ಆ ನಂಬಿಕೆಯನ್ನು ಬೇರೆ ಲೆಕ್ಕಕ್ಕೆ ಹಾಕಲು ನನಗೆ ಕೈ ಬರಲಿಲ್ಲ.

ಕೊನೆಯ ದಿನ ಹುಡುಗಿ ಒಂದು ಕಂಡಿಕೆ ತಂದುಕೊಟ್ಟಳು. ಮೊದಲ ದಿನ ನಾನೇ ಸುತ್ತಿದ್ದು, ಗಂಟೇ ಗಂಟು. ಮಗ್ಗಕ್ಕೆ ಬಾರದೆಂದು ಅವರವ್ವ ತೆಗೆದಿಟ್ಟಿದ್ದರಂತೆ.

"ಅಕ್ಕೋರ," ಎಂದಳು, "ಬರೋ ವರ್ಷ ಬರೋ ಅಕ್ಕೋರಿಗೂ ನಾನ ಕಲಿಸ್ಲೇನ್ರಿ?"