ಹಿತವೂ ಮಿತವೂ

ನೀರು ತಿಳಿಯಾಗಿದ್ದರೆ ಅದು ಶುದ್ಧವೆಂದು ನಂಬುವುದು ಮನುಷ್ಯನ ಸಹಜ ಸ್ವಭಾವ. ಕಣ್ಣಿಗೆ ಕೆಸರು ಕಾಣದು, ಮೂಗಿಗೆ ವಾಸನೆ ತಾಗದು, ನಾಲಗೆಗೆ ಕಹಿ ತಿಳಿಯದು, ಇನ್ನೇನು ಬೇಕು? ಆದರೆ ಈ ಮೂರು ಇಂದ್ರಿಯಗಳ ಕಾವಲನ್ನೂ ದಾಟಿ ದೇಹವನ್ನು ಸೇರುವ ವಸ್ತುವೊಂದುಂಟು. ಅದೇ ಫ್ಲೋರೈಡ್.

ಇದರ ಮೂಲಧಾತು ಫ್ಲೋರಿನ್. ಮಾಸಲು ಹಳದಿ ಬಣ್ಣದ ಈ ಅನಿಲ ಬಹಳ ಉಗ್ರವಾದುದು. ಹೆಚ್ಚುಕಡಮೆ ಎಲ್ಲ ಧಾತುಗಳೊಡನೆಯೂ ಕೂಡಿಕೊಳ್ಳುತ್ತದೆ. ಆದುದರಿಂದಲೇ ನಿಸರ್ಗದಲ್ಲಿ ಅದು ಒಂಟಿಯಾಗಿ ಸಿಗುವುದು ತೀರ ವಿರಳ. ಫ್ಲೋರೈಡಿನ ರೂಪದಲ್ಲಿ ಕಲ್ಲುಬಂಡೆಗಳಲ್ಲಿ ಅಡಗಿದ್ದು, ಮೆಲ್ಲಮೆಲ್ಲನೆ ಕರಗಿ ಅಂತರ್ಜಲವನ್ನು ಸೇರುತ್ತದೆ.

1901ರಲ್ಲಿ ಫ್ರೆಡರಿಕ್ ಮೆಕೆ ಎಂಬ ಯುವ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ನಗರಕ್ಕೆ ಬಂದರು. ಅಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದುವು. ಕಾರಣವನ್ನು ಬಲ್ಲವರಿರಲಿಲ್ಲ. ಮೆಕೆ ಊರೂರು ಅಲೆದು ವಿಚಾರಿಸಿದರು. ಕುಡಿಯುವ ನೀರಿನಲ್ಲಿಯೇ ದೋಷವಿರಬೇಕೆಂದು ತರ್ಕಿಸಿದರು. ಆ ದೋಷ ಫ್ಲೋರೈಡಿನದೆಂದು ರಾಸಾಯನಿಕ ಪರೀಕ್ಷೆಯಿಂದ ಗೊತ್ತಾದುದು 1931ರಲ್ಲಿ. ಮೂವತ್ತು ವರ್ಷಗಳ ತಾಳ್ಮೆಗೆ ದೊರೆತ ಫಲವದು! ಅದರೊಡನೆ ಇನ್ನೊಂದು ಸೋಜಿಗವೂ ಹೊರಬಿತ್ತು. ಕಲೆ ಹಿಡಿದ ಹಲ್ಲುಗಳಿಗೆ ಹುಳುಕು ಕಡಮೆ. ಮಿತವಾದ ಫ್ಲೋರೈಡ್ ಹಲ್ಲಿನ ರಕ್ಷಕ. ಹೆಚ್ಚಾದರೆ ಅದೇ ಭಕ್ಷಕ.

ಈ ಸಂಗತಿ ಕನ್ನಡನಾಡಿಗೂ ಹೊರತಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಸೀಮೆಗಳ ಹಲವು ಕೊಳವೆಬಾವಿಗಳಲ್ಲಿ ಮಿತಿಮೀರಿದ ಫ್ಲೋರೈಡ್ ಕಂಡುಬಂದಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದು. ಬೇರೆ ನೀರಿಲ್ಲದ ಕಡೆ 1.5 ಮಿಲಿಗ್ರಾಮಿನವರೆಗೆ ಸಹ್ಯ. ಇದಕ್ಕಿಂತ ಬಹಳ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಹಾಗೆ ಬಾಗಿದ ಬೆನ್ನನ್ನು ಮತ್ತೆ ನೆಟ್ಟಗಾಗಿಸುವ ಔಷಧವಿಲ್ಲ.

ಬಿಸಿಲಿನಲ್ಲಿ ಸಾಲುನಿಂತು ಕೊಡ ತುಂಬಿಸಿಕೊಂಡು ಬಂದ ತಾಯಿ, ಆ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ ಮಗುವಿಗೆ ಕುಡಿಸುತ್ತಾಳೆ. ಅವಳ ಅಕ್ಕರೆಗೆ ಎಣೆಯಿಲ್ಲ. ಆದರೆ ಸೋಸಿದರೆ ಫ್ಲೋರೈಡ್ ಹೋಗದು. ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾದೀತು. ಅಕ್ಕರೆಯೊಡನೆ ಅರಿವೂ ಕೂಡಬೇಕು. ಊರಿನ ನೀರನ್ನು ಪರೀಕ್ಷೆ ಮಾಡಿಸಬೇಕು. ಮಾಡಿನ ಮೇಲೆ ಬೀಳುವ ಮಳೆನೀರನ್ನು ಶುಚಿಯಾಗಿ ಕೂಡಿಡಬೇಕು. ಬಂಡೆಯನ್ನು ಹೊಕ್ಕು ಬಾರದ ಆ ನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ.

ಅತಿಯಾದರೆ ಅಮೃತವೂ ವಿಷವೆಂದು ಹಿರಿಯರು ಹೇಳುತ್ತಾರೆ. ಆ ಅತಿ ಎಲ್ಲಿ ಮೊದಲಾಗುತ್ತದೆಂಬುದನ್ನು ಅಳೆದು ತೋರಿಸುವುದು ವಿಜ್ಞಾನ. ಅಳತೆಯನ್ನು ಅರಿತು ಬಾಳುವುದು ವಿವೇಕ.