ಗೀರು ತೀಡುವ ಸುಖ

ತೊಗಲಿನ ಮೇಲೆ ಗೀರು ಬಿದ್ದರೆ ನನಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚು. ಬಣ್ಣವಷ್ಟೇ ಹೋಗಿದೆಯೋ, ಒಳಗಿನ ನಾರೂ ಎದ್ದಿದೆಯೋ, ಮೇಲೆ ಉಗುರಾಡಿಸಿದರೆ ಸಿಕ್ಕಿಕೊಳ್ಳುತ್ತದೆಯೋ ಎಂದು ಮೊದಲು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಎಣ್ಣೆ, ಪಾಲಿಶ್ ಎಲ್ಲ ಆಮೇಲಿನ ಮಾತು. ಬೈಲಕುಪ್ಪೆಯ ನಮ್ಮ ಮನೆಯಲ್ಲಿ ಯಾರ ಪರ್ಸು ತರಚಿದರೂ, ಯಾರ ಬೆಲ್ಟು ಸಪ್ಪೆಯಾದರೂ ಭಾನುವಾರದ ಹೊತ್ತಿಗೆ ಅದು ನನ್ನ ಮುಂದಿರುತ್ತದೆ.

ಕಾವೇರಿ ದಾಟಿದರೆ ಕುಶಾಲನಗರ, ಅಲ್ಲಿಂದಾಚೆ ಕೊಡಗಿನ ಮಳೆ. ಆ ಮಳೆಯ ಥಂಡಿ ಆಷಾಢದಲ್ಲಿ ನಮ್ಮ ಬೀರುವಿನೊಳಗೂ ಬಂದು ಕೂರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಹಳೇ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಅದಕ್ಕೆ ಗಾಳಿಯಾಡುತ್ತದೆ. ಬೂಷ್ಟು ಬಂದೇಬಿಟ್ಟರೆ ಅಂಗಳಕ್ಕೆ ಒಯ್ದು ಒಣಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಬೇಕು. ಬಿಸಿಲಿಗಿಟ್ಟರೆ ಬಿರಿಯುತ್ತದೆ.

ಇನ್ನು ಗೀರಿನ ವಿಷಯ. ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಒಂದು ಹನಿ ನೀರಿಟ್ಟು ನೋಡಿ. ಹನಿ ಹೀರಿಕೊಂಡು ಆ ಜಾಗ ಕಪ್ಪಾದರೆ ಅದು ಮೇಲ್ಲೇಪವಿಲ್ಲದ ತೊಗಲು, ಎಣ್ಣೆಗೆ ಒಲಿಯುತ್ತದೆ. ಹನಿ ಹಾಗೇ ಮಣಿಯಾಗಿ ನಿಂತರೆ ಮೇಲೆ ಬಣ್ಣದ ಪದರವೋ ಮೇಣವೋ ಇದೆ ಎಂದರ್ಥ. ಸೋಫಾಗಳದ್ದು ಬಹುಪಾಲು ಆ ಬಣ್ಣದ ಪದರದ ಜಾತಿ. ಅದಕ್ಕೆ ಎಣ್ಣೆ ಹಚ್ಚಿದರೆ ಒಳಗಿಳಿಯದೆ ಮೇಲೇ ಜಿಡ್ಡಾಗುತ್ತದೆ, ಬೂಟ್ ಪಾಲಿಶ್ ಹಚ್ಚಿದರೆ ಕೂತವರ ಪಂಚೆಗೆ ಅಂಟುತ್ತದೆ. ಅಂಥದ್ದಕ್ಕೆ ಚರ್ಮಕ್ಕೆಂದೇ ಮಾಡಿದ ಬಣ್ಣವನ್ನು ಸ್ಪಂಜಿನಲ್ಲಿ ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ಒತ್ತಬೇಕು. ರೆಕ್ಸಿನ್ನಿಗೆ ಈ ಯಾವ ಉಪಚಾರವೂ ನಾಟುವುದಿಲ್ಲ.

ನನ್ನ ಪ್ರೀತಿಯೆಲ್ಲ ನೀರು ಕುಡಿಯುವ ತೊಗಲಿನ ಮೇಲೆ. ನನ್ನ ಕಂದು ಬಣ್ಣದ ಹೆಗಲುಚೀಲದ ಮುಚ್ಚಳಕ್ಕೆ ಗೇಟಿನ ಚಿಲಕ ತಗುಲಿ ಬಿಳಿಚಿದ ಗೀರೊಂದು ಬಿತ್ತು. ಮೊದಲು ಬರಿಯ ಹೆಬ್ಬೆರಳಿನಿಂದ, ಸುತ್ತಲಿನ ಚರ್ಮವನ್ನು ಗೀರಿನ ಕಡೆಗೆ ನೂಕಿದಂತೆ ಮೆಲ್ಲಗೆ ತೀಡಿದೆ. ಬೆರಳಿನ ಕಾವಿಗೆ ಒಳಗಿನ ಎಣ್ಣೆ ಸರಿದು ಬಂದು ಬಿಳಿಗೆರೆಯ ಎರಡೂ ತುದಿ ಮಾಸತೊಡಗಿದವು. ನಡುವೆ ಉಳಿದ ಕಡೆ ನಾರು ಎದ್ದಿತ್ತು. ಕಡ್ಡಿಯ ತುದಿಯಲ್ಲಿ ಒಂದಿಷ್ಟು ಅಂಟು ತಾಕಿಸಿ, ಎದ್ದ ನಾರನ್ನು ಅದರ ಜಾಗಕ್ಕೇ ಮಲಗಿಸಿ, ಚಮಚದ ಬೆನ್ನಿನಲ್ಲಿ ಒತ್ತಿ ಹಿಡಿದೆ. ಅಂಟು ಒಣಗಿದ ಮೇಲೆ ನನ್ನ ಮುಲಾಮು ಸವರಿದೆ. ಒಂದು ಪಾಲು ಜೇನುಮೇಣಕ್ಕೆ ಮೂರು ಪಾಲು ಹರಳೆಣ್ಣೆ, ಅಷ್ಟೇ ಅದರ ಸಾಮಗ್ರಿ. ಮೇಣ ಕರಗಲು 62ರಿಂದ 64 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ನೇರ ಉರಿಗೆ ಹಿಡಿಯದೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಬೇಕು. ಕೊಬ್ಬರಿ ಎಣ್ಣೆ ನಾನು ಬಳಸುವುದಿಲ್ಲ. 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವ ಅದು ನಮ್ಮ ಧನುರ್ಮಾಸದ ಚಳಿಯಲ್ಲಿ ಹೆಪ್ಪುಗಟ್ಟಿಯೇ ಇರುತ್ತದೆ.

ಎಣ್ಣೆ ಒಳಗಿಳಿಯುವುದೂ ಇಳಿಯದಿರುವುದೂ ಆ ತೊಗಲಿಗೆ ಯಾರು ಯಾವ ಹದ ಕೊಟ್ಟಿದ್ದಾರೆ, ಮೇಲೇನು ಬಳಿದಿದ್ದಾರೆ ಎಂಬುದರ ಮೇಲೆ ನಿಂತಿದೆ. ದಕ್ಷಿಣದ ಹದಗಾರರು ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ ತೊಗಲನ್ನು ವಾರಗಟ್ಟಲೆ ನೆನೆಸಿಡುತ್ತಿದ್ದರು. 1858ರಲ್ಲಿ ಜರ್ಮನಿಯ ಕ್ನಾಪ್ ಕ್ರೋಮಿಯಂ ಲವಣದಿಂದ ಹದ ಮಾಡುವ ದಾರಿ ತೋರಿಸಿದ. ಇಂದು ಜಗತ್ತಿನ ಹೆಚ್ಚಿನ ಚರ್ಮ ಹದವಾಗುವುದು ಆ ದಾರಿಯಲ್ಲೇ. ಕೆಲಸ ಬೇಗ ಮುಗಿಯುತ್ತದೆ, ಚರ್ಮ ಮೆತ್ತಗಿರುತ್ತದೆ, ಒಪ್ಪುತ್ತೇನೆ. ಆದರೆ ತೊಗಟೆಯ ಹದದ ತೊಗಲು ವರ್ಷ ಕಳೆದಂತೆ ಬಣ್ಣ ಕಟ್ಟಿಕೊಳ್ಳುವ ಚೆಂದ ಇದಕ್ಕಿಲ್ಲ. ತಂಗಡಿಯ ಹಳದಿ ಹೂವನ್ನು ಬೇಲಿಯ ಮಗ್ಗುಲಲ್ಲಿ ಕಂಡಾಗಲೆಲ್ಲ ನನಗೆ ನೆನಪಾಗುವುದು ಅದರ ತೊಗಟೆ.

ಈ ಸೀಮೆಗೆ ಚರ್ಮದ ಕೆಲಸ ಹೊಸದೇನಲ್ಲ. ಮೈಸೂರು–ಮಡಿಕೇರಿ ರಸ್ತೆಯಲ್ಲೇ ಇರುವ ಹುಣಸೂರಿನಲ್ಲಿ ಮದ್ರಾಸ್ ಸೈನ್ಯದ ಸರಬರಾಜು ಇಲಾಖೆಯ ದೊಡ್ಡ ಚರ್ಮದ ಕಾರ್ಖಾನೆಯಿತ್ತು. ಕಂಬಳಿ ಕಾರ್ಖಾನೆ, ಮರಮುಟ್ಟಿನ ಡಿಪೋ ಕೂಡ ಇದ್ದವು. 1864ರಲ್ಲಿ ಅವನ್ನು ಮುಚ್ಚಿದರು. ಅದಾದ ಮೇಲೂ ಅಲ್ಲಿನ ಕುಶಲ ಕೆಲಸಗಾರರು ಬೂಟು, ಬೆನ್ನುಚೀಲಗಳನ್ನು ಮಾಡುತ್ತಲೇ ಇದ್ದರೆಂದು ಹಳೆಯ ಗೆಜೆಟಿಯರುಗಳಲ್ಲಿದೆ. ಆ ಊರಿನ ಮೂಲಕ ಬಸ್ಸು ಹಾಯುವಾಗ ಇದನ್ನು ಪಕ್ಕದಲ್ಲಿ ಕೂತವರಿಗೆ ಹೇಳದಿರಲು ನನ್ನಿಂದಾಗುವುದಿಲ್ಲ.

ನನಗೆ ಈ ಕೆಲಸದ ತಾಳ್ಮೆ ಕಲಿಸಿದವರು ಪಿರಿಯಾಪಟ್ಟಣದಲ್ಲಿ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುವ ಹಿರಿಯರೊಬ್ಬರು. ಬೆಲ್ಟೊಂದಕ್ಕೆ ಎಣ್ಣೆ ಸುರಿದು ತಿಕ್ಕುತ್ತಿದ್ದ ನನ್ನನ್ನು ತಡೆದು, "ಆತ್ರ ಬೀಳ್ಬೇಡಿ ಸಾಮಿ. ಒಸಿ ಸವರಿ, ರಾತ್ರಿ ಬುಡಿ. ಅದು ಕುಡಿಯೋವಷ್ಟು ಕುಡೀತದೆ" ಎಂದರು. ಆಮೇಲೆ ಅದೇ ಬೆಲ್ಟಿನ ಮೇಲಿದ್ದ ಸಣ್ಣ ಗೆರೆಯೊಂದನ್ನು ತೋರಿಸಿ, "ಇದು ನೀವ್ ಮಾಡಿದ್ ಗೀರಲ್ಲ. ದನ ಬೇಲಿ ನುಗ್ದಾಗ ಮುಳ್ಳು ತರಚಿರೋದು, ಅದನ್ನ ಮುಟ್ಬೇಡಿ" ಎಂದರು. ಅಂದಿನಿಂದ ಎಲ್ಲ ಗೆರೆಗಳನ್ನೂ ಅಳಿಸುವ ಹಟ ನನಗಿಲ್ಲ. ಪ್ರಾಣಿ ಬದುಕಿದ್ದಾಗ ಪಡೆದ ಗಾಯದ ಗುರುತು ತೊಗಲಿನ ಕುಂದಲ್ಲ, ಅದು ಅಸಲಿ ಎಂಬುದಕ್ಕೆ ಸಾಕ್ಷಿ. ಆ ಹಿರಿಯರು ಮಾಡುವ ಚರ್ಮದ ಕೆಲಸ ಹರಳಯ್ಯ, ಮಾದಾರ ಧೂಳಯ್ಯನಂಥ ಶರಣರ ಕಾಯಕ. ಹನ್ನೆರಡನೆಯ ಶತಮಾನದಲ್ಲೇ ಇದಕ್ಕೆ ಪೂಜೆಗೆ ಸಮಾನವಾದ ಗೌರವ ಕೊಟ್ಟ ನಾಡಿನಲ್ಲಿ, ಹೊಲಿಯುವವರನ್ನು ನಾವು ಬಿಸಿಲಲ್ಲಿ ಕೂರಿಸಿ ಐದು ರೂಪಾಯಿಗೆ ಜಗ್ಗಾಡುತ್ತೇವೆ.

ಗೀರು, ಬೂಷ್ಟು, ಮಾಸಿದ ಬಣ್ಣ, ಇವನ್ನು ಮನೆಯಲ್ಲೇ ನೋಡಿಕೊಳ್ಳಿ. ಒಂದು ಹನಿ ನೀರು, ಒಂದು ಮೆತ್ತನೆಯ ಬಟ್ಟೆ, ಒಂದಿಷ್ಟು ಮೇಣ ಇದ್ದರಾಯಿತು. ಹೊಲಿಗೆ ಬಿಟ್ಟಿದ್ದರೆ, ಚರ್ಮ ಆರುಪಾರು ಸೀಳಿದ್ದರೆ ಮಾತ್ರ ನೀವು ಕೈಯಿಡಬೇಡಿ. ನಿಮ್ಮೂರಿನ ಬಸ್ ನಿಲ್ದಾಣದ ಹತ್ತಿರ ಉಳಿ ಹಿಡಿದು ಕೂತವರ ಬಳಿಗೆ ಒಯ್ಯಿರಿ, ಕೇಳಿದಷ್ಟು ಕೊಡಿ.