ಸವಣೂರ ಸೀಮೆಯಲ್ಲಿ ನಾಲ್ಕು ದಿವಸ

ಇರಾನ ದೇಶದ ಮರುಭೂಮಿಯ ನಡುವೆ ಯಜ್ದ ಎಂಬ ಪುರಾತನ ಪಟ್ಟಣವೊಂದುಂಟು. ಮಳೆಯೆಂಬದು ಅಲ್ಲಿ ಬಲು ಅಪರೂಪ. ದೂರದ ಪರ್ವತಗಳ ಬುಡದಿಂದ ನೆಲದೊಳಗೆ ಮೈಲುಗಟ್ಟಲೆ ಸುರಂಗಗಳನ್ನು ತೋಡಿ ತಂದ ನೀರೇ ಆ ಊರಿಗೆ ಜೀವನವು. ಆ ಸುರಂಗಗಳಿಗೆ ಕನಾತ್ ಎಂದು ಹೆಸರು. ಬೆಟ್ಟದ ಹಳ್ಳಿಗಳನ್ನೂ ಬಯಲಿನ ಪಟ್ಟಣವನ್ನೂ ನೀರಿನ ಎಳೆಯೊಂದು ಹೀಗೆ ಹೊಲಿದಿರುವ ಸಂಗತಿಯನ್ನು ಓದಿದಾಗ ನಮಗೆ ಹಾವೇರಿ ಜಿಲ್ಲೆಯ ಸವಣೂರು ನೆನಪಾಯಿತು. ಸವಣೂರು ಮರುಭೂಮಿಯಲ್ಲವೆಂಬದನ್ನು ವಾಚಕರಿಗೆ ಹೇಳಬೇಕಾದದ್ದಿಲ್ಲ. ಆದರೆ ಪಾರಸಿಯು ದರಬಾರದ ಭಾಷೆಯಾಗಿದ್ದ ಒಂದು ಪಟ್ಟಣವು ನಮ್ಮ ಕನ್ನಡನಾಡಿನ ಬಯಲಿನಲ್ಲಿಯೇ ಇರುವದು. ಅಲ್ಲಿಂದ ನೈರುತ್ಯಕ್ಕೆ ಮುಖಮಾಡಿ ಹೊರಟರೆ ಅರ್ಧದಿನದೊಳಗೆ ಹಾನಗಲ್ಲು ಹಿರೇಕೆರೂರುಗಳ ಗುಡ್ಡದ ಹಳ್ಳಿಗಳು ಸಿಕ್ಕುವವು. ಆ ಕಡೆಯಿಂದ ವರದಾನದಿಯು ಈ ಕಡೆಗೆ ಹರಿದು ಬರುವದು. ಇದನ್ನೆಲ್ಲ ಕಣ್ಣಾರೆ ಕಂಡುಬರೋಣವೆಂದು ಕಾರ್ತಿಕಮಾಸದಲ್ಲಿ ನಾವು, ಒಬ್ಬ ಬಾಲಕನೂ ಕೂಡಿ, ನಾಲ್ವರು ಹೊರಟೆವು.

ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಬಂದು ಯಲವಿಗಿ ನಿಲ್ದಾಣದಲ್ಲಿ ಇಳಿದು ಮೋಟಾರು ಬಸ್ಸನ್ನೇರಿದೆವು. ದಾರಿಯ ಎರಡೂ ಬದಿಗೆ ಎರೆಯ ಹೊಲಗಳು. ಗೋವಿನಜೋಳದ ಕಟಾವು ಮುಗಿದಲ್ಲಿ ಬರಿಯ ಕೂಳೆ, ಉಳಿದಲ್ಲಿ ಹತ್ತಿ ಮತ್ತು ಮೆಣಸಿನ ಗಿಡ. ಕಣ್ಣು ಹರಿಯುವವರೆಗೆ ಒಂದು ದಿಬ್ಬವಿಲ್ಲ. ಇಂಥ ಬಯಲಿನಲ್ಲಿ ರಾಜಧಾನಿಯನ್ನು ಮಾಡಿದವರ ಎದೆಗಾರಿಕೆ ದೊಡ್ಡದೆಂದು ನಮಗೆ ಅನಿಸಿತು.

ಸವಣೂರಿನ ನವಾಬರು ಮಿಯಾನಾ ಪಠಾಣರು. 1686ನೆಯ ಇಸವಿಯಲ್ಲಿ ಬಿಜಾಪುರದ ಆದಿಲಶಾಹಿಯು ಮುಗಿದ ಮೇಲೆ ಅಬ್ದುಲ್ ರವೂಫ್ ಖಾನನು ಔರಂಗಜೇಬನ ಸೇವೆಯನ್ನು ಹಿಡಿದು ಬಂಕಾಪುರ ಮೊದಲಾದ ಸೀಮೆಗಳನ್ನು ಪಡೆದನು. ಮುಂದೆ ಗದ್ದಿಗೆಯು ಬಂಕಾಪುರದಿಂದ ಸವಣೂರಿಗೆ ಬಂದಿತು. ಪೇಶವೆ, ನಿಜಾಮ, ಹೈದರ ಈ ಮೂವರ ನಡುವೆ ಸಿಕ್ಕ ಚಿಕ್ಕ ರಾಜ್ಯದ ಪಾಡು ಏನಾಗಬೇಕೋ ಅದೇ ಆಯಿತು. 1756ರಲ್ಲಿ ಬಾಳಾಜಿ ಬಾಜೀರಾವ ಪೇಶವೆಯೂ ನಿಜಾಮನ ಸೈನ್ಯವೂ ಫ್ರೆಂಚ ಸರದಾರ ಬುಸ್ಸಿಯೂ ಕೂಡಿ ಸವಣೂರಿಗೆ ಮುತ್ತಿಗೆ ಹಾಕಿದರು. 1779ರಲ್ಲಿ ನವಾಬ ಅಬ್ದುಲ್ ಹಕೀಮ್ ಖಾನನು ಹೈದರನೊಡನೆ ಬೀಗತನ ಬೆಳೆಸಿದನು. ಒಂದು ಹೆಣ್ಣು ಕೊಟ್ಟು ಒಂದು ಹೆಣ್ಣು ತಂದನು. ಆದರೂ 1786ರಲ್ಲಿ ಹೈದರನ ಮಗ ಟೀಪೂವಿನ ದಂಡು ಏರಿಬಂದಾಗ ಆ ಬೀಗತನವು ಕೆಲಸಕ್ಕೆ ಬಾರದೆ, ನವಾಬನು ಊರು ಬಿಟ್ಟು ಮರಾಠರ ದಂಡಿನಲ್ಲಿ ಆಶ್ರಯ ಪಡೆಯಬೇಕಾಯಿತು. ಬೀಗರ ಮೇಲೆ ಭಾರ ಹಾಕಿ ಮನೆ ಕಟ್ಟುವವರು ಈ ಕಥೆಯನ್ನು ಕೇಳಬೇಕು. ಇಂಗ್ಲಿಷರ ಕಾಲಕ್ಕೆ ಉಳಿದದ್ದು 25 ಹಳ್ಳಿಗಳ ಪುಟ್ಟ ಸಂಸ್ಥಾನ; 1948ರಲ್ಲಿ ಅದೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಕೂಡಿಹೋಯಿತು.

ಇಂದು ಅಗಸಿಗಳ ಅವಶೇಷಗಳನ್ನೂ ಹಳೆಯ ಅರಮನೆಯ ಗೋಡೆಗಳನ್ನೂ ನೋಡುತ್ತ ನಡೆದರೆ ದರಬಾರದ ವೈಭವವನ್ನು ಊಹಿಸಿಕೊಳ್ಳಬೇಕಾಗುವದೇ ಹೊರತು ಕಾಣಲಾಗುವದಿಲ್ಲ. ಪಾರಸಿಯು ಮಾತ್ರ ನಮ್ಮನ್ನು ಬಿಟ್ಟು ಹೋಗಿಲ್ಲ. ಜಮೀನು, ದಫ್ತರ, ಸರಕಾರಗಳು ಹಾಗಿರಲಿ. ಅವು ಕಚೇರಿಯ ಮಾತುಗಳು. ಬಾಜಾರಕ್ಕೆ ಹೋಗಿ ಚಾದರ ಕೊಂಡು, ದರ್ಜಿಯಿಂದ ಪರದೆ ಹೊಲಿಸಿ, ಗುಲಾಬಿ ಮುಡಿದು, ತವರಿಗೆ ಕಾಗದ ಬರೆಯುವ ಗೃಹಿಣಿಯು ತಾನು ಎಷ್ಟು ಪಾರಸಿ ಮಾತುಗಳನ್ನಾಡಿದೆನೆಂದು ಎಣಿಸಿಕೊಳ್ಳುವಳೇ? ರಾಜ್ಯವು ಹೋದರೂ ಮಾತು ಅಡಿಗೆಮನೆಯ ಬಾಗಿಲವರೆಗೆ ಬಂದು ಕುಳಿತಿರುವದು. ಇನ್ನೊಂದು ಸೋಜಿಗವೆಂದರೆ, ಕನ್ನಡಕ್ಕೆ ಶಾಲೆಗಳಲ್ಲಿ ಮೊದಲ ಸ್ಥಾನವಿರಬೇಕೆಂದು ವರದಿ ಬರೆದ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ನವಾಬರ ಊರಿನಲ್ಲಿ. ಉತ್ತರಾದಿಮಠದ ಸತ್ಯಬೋಧತೀರ್ಥರ ಬೃಂದಾವನವೂ ಇಲ್ಲಿಯೇ ಇರುವದು. ಅವರು 1783ರಲ್ಲಿ ವೃಂದಾವನಸ್ಥರಾದರು. ಆಗ ಗದ್ದಿಗೆಯ ಮೇಲಿದ್ದವನು ಹಕೀಮ್ ಖಾನನೇ.

ಸವಣೂರೆಂದ ಕೂಡಲೆ ನಮ್ಮ ಕಡೆಯವರಿಗೆ ನೆನಪಾಗುವದು ನವಾಬನಲ್ಲ, ಎಲೆ. ಸವಣೂರಿನ ಎಲೆಯಿಲ್ಲದೆ ಮದುವೆಯ ತಾಂಬೂಲವು ತಾಂಬೂಲವೇ ಅಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಊರ ಹೊರಗಿನ ಒಂದು ತೋಟಕ್ಕೆ ಹೋದೆವು. ಒಳಗೆ ಕಾಲಿಟ್ಟೊಡನೆ ಬಿಸಿಲು ಹೊರಗೇ ಉಳಿಯಿತು. ಚೊಗಚೆ, ನುಗ್ಗೆ, ಹಾಲವಾಣದ ಮರಗಳು ಸಾಲಾಗಿ ನಿಂತಿರುವವು; ಒಂದೊಂದರ ಮೈಗೂ ಬಳ್ಳಿಯು ತಬ್ಬಿಕೊಂಡು ಏರಿರುವದು; ನಡುವಿನ ಕಾಲುವೆಗಳಲ್ಲಿ ನೀರು ಸದ್ದಿಲ್ಲದೆ ಸರಿಯುತ್ತಿರುವದು. ತೋಟದ ಮುದುಕನು ಹಸುರೆಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟು ಕಟ್ಟುತ್ತಿದ್ದನು. ಮಾತಿಗೆ ಎಳೆದೆವು.

"ಎಲಿಬಳ್ಳಿ ಅಂದ್ರ ಹಸುಗೂಸಿದ್ದಂಗ್ರಿ. ಒಂದ ದಿನಾ ಮರತ್ರ ಮುನಿಸಿಕೋತೈತಿ. ಕೆರಿ ತುಂಬಿದ್ರ ನಮ್ಮ ಬಾವಿ ತುಂಬತಾವ. ಕೆರಿ ಒಣಗಿದ ವರ್ಷ ನಮ್ಮ ಎದಿ ಒಣಗತೈತಿ."

"ಮಕ್ಕಳು ತೋಟ ನೋಡಿಕೊಳ್ಳುವರೇ, ಅಜ್ಜಾ?"

"ಒಬ್ಬಾಂವ ಹುಬ್ಬಳ್ಳ್ಯಾಗ ಅದಾನ್ರಿ, ಒಬ್ಬಾಂವ ಬೆಂಗಳೂರಾಗ. ತಿಂಗಳಾ ರೊಕ್ಕ ಕಳಸ್ತಾರ. ರೊಕ್ಕ ಬಂದು ಎಲಿ ಹರೀತಾವೇನ್ರಿ? ಎಲಿ ಹರಿಯಾಕ ಕೈ ಬೇಕು."

ಅಷ್ಟು ಹೇಳಿ ನಮ್ಮ ಸಂಗಡದ ತಾಯಿಯವರ ಕೈಯಲ್ಲಿ ಐದು ಎಲೆಗಳನ್ನಿಟ್ಟು, "ಹೆಣ್ಮಕ್ಕಳು ಬರಿಗೈಲೆ ಹೋಗಬಾರದ್ರಿ ಅವ್ವಾರ" ಎಂದನು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಊರಿನ ಮೋತಿ ತಲಾಬೆಂಬ ಕೆರೆಯನ್ನು ಸಂಜೆಗೆ ನೋಡಲು ಹೋದಾಗ ಮುದುಕನ ಮಾತು ನಮ್ಮ ಕಿವಿಯಲ್ಲಿಯೇ ಇದ್ದಿತು. ಯಜ್ದದವರು ನೀರನ್ನು ಪರ್ವತದಿಂದ ಕದ್ದು ತಂದಂತೆ ತರುವರು. ನಮ್ಮವರಿಗೆ ಆಕಾಶವೇ ಸುರಿದು ಕೊಡುವದು, ಹಿಡಿದಿಟ್ಟುಕೊಳ್ಳುವ ಪಾತ್ರೆಯೊಂದು ನೆಟ್ಟಗಿದ್ದರೆ ಸಾಕು. ಕೆರೆಯ ಹೂಳೆಂಬದು ಸರಕಾರದ ಲೆಕ್ಕದ ಮಾತಾಗಿ ತೋರುವದು. ಆದರೆ ಆ ಮುದುಕನ ಬಳ್ಳಿಯ ಬುಡಕ್ಕೆ ಅದು ಹೋಗಿ ಮುಟ್ಟುವದು.

ದೊಡ್ಡಹುಣಸೆ ಕಲ್ಲುಮಠದ ಅಂಗಳದಲ್ಲಿರುವ ಮೂರು ಮರಗಳನ್ನು ನೋಡದೆ ಸವಣೂರನ್ನು ಬಿಡುವವರು ನತದೃಷ್ಟರು. ಹೆಸರು ಹುಣಸೆಯಾದರೂ ಇವು ಹುಣಸೆಯ ಜಾತಿಯವಲ್ಲ. ಆಫ್ರಿಕಾಖಂಡದ ಬಾವೊಬಾಬ್ ವೃಕ್ಷಗಳು. ಕಾಯಿಯೊಳಗಿನ ತಿರುಳು ಹುಳಿಯಾಗಿರುವದರಿಂದ ನಮ್ಮ ಜನರು ಹುಣಸೆಯೆಂದರು. ಗಾತ್ರವನ್ನು ಕಂಡು ದೊಡ್ಡದೆಂದರು. ಶ್ರೀಕೃಷ್ಣನು ತಂದು ನೆಟ್ಟನೆಂದು ಭಕ್ತರು ಹೇಳುವರು. ಕಡಲು ದಾಟಿ ಬಂದ ವ್ಯಾಪಾರಿಗಳ ಕೈಯಿಂದ ಬಂದಿರಬೇಕೆಂದು ತಿಳಿದವರು ಊಹಿಸುವರು. ಕಾಂಡವನ್ನು ನಾವು ನಾಲ್ವರೂ ಕೈ ಕೈ ಹಿಡಿದು ಅಪ್ಪಲೆತ್ನಿಸಿದೆವು, ಸುತ್ತು ಪೂರ್ತಿಯಾಗಲಿಲ್ಲ. ಮೆತ್ತನೆಯ ನಾರಿನ ಆ ಕಾಂಡದೊಳಗೆ ಮರವು ಮಳೆಗಾಲದ ನೀರನ್ನು ಹೀರಿ ಬೇಸಿಗೆಗೆ ಕೂಡಿಡುವದಂತೆ. ಮರವೇ ಒಂದು ಕೆರೆಯಾದಂತಾಯಿತೆಂದು ಬಾಲಕನು ಅಂದಾಗ ನಮಗೆ ಹೇಳಲು ಹೆಚ್ಚೇನೂ ಉಳಿಯಲಿಲ್ಲ.

2023ರ ಮುಂಗಾರಿನಲ್ಲಿ ಈ ಮೂರರಲ್ಲೊಂದು ಬುಡಮೇಲಾಗಿ ಬಿದ್ದಿತು. ಬಿದ್ದ ಮರವೆಂದರೆ ಸಾಮಾನ್ಯವಾಗಿ ಕಟ್ಟಿಗೆಯ ಲೆಕ್ಕ. ಇಲ್ಲಿ ಹಾಗಾಗಲಿಲ್ಲ. ಕೊಂಬೆಗಳನ್ನು ಸವರಿ, ಯಂತ್ರಗಳನ್ನು ತರಿಸಿ, ಆ ಮಹಾಕಾಂಡವನ್ನು ಎತ್ತಿ ಮತ್ತೆ ನೆಲದಲ್ಲಿ ನಿಲ್ಲಿಸಿದರು. ಅರಮನೆಯ ಗೋಡೆ ಬಿದ್ದಾಗ ಎತ್ತಿ ನಿಲ್ಲಿಸುವವರಿಲ್ಲದ ಊರಿನಲ್ಲಿ ಮರಕ್ಕೆ ಆ ಭಾಗ್ಯವು ದೊರೆತದ್ದು ನಮಗೆ ಸಂತೋಷವನ್ನುಂಟುಮಾಡಿತು.

ಎರಡನೆಯ ದಿವಸ ಬಂಕಾಪುರಕ್ಕೆ ಬಂದೆವು. ಶಿಗ್ಗಾವಿ ತಾಲೂಕಿನ ಈ ಊರಿಗೆ ಅಮೋಘವರ್ಷ ನೃಪತುಂಗನ ಸಾಮಂತ ಬಂಕೆಯನ ಹೆಸರು. 898ರಲ್ಲಿ ಗುಣಭದ್ರನ ಉತ್ತರಪುರಾಣವನ್ನು ಪೂಜಿಸಿದ್ದು ಇಲ್ಲಿ. ಅಜಿತಸೇನಾಚಾರ್ಯರ ಜೈನವಿದ್ಯಾಪೀಠವಿದ್ದದ್ದು ಇಲ್ಲಿ. ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿಯು ಈಗಿನ ನೆಲಕ್ಕಿಂತ ತಗ್ಗಿನಲ್ಲಿ ನಿಂತಿರುವದು. ಮೆಟ್ಟಿಲಿಳಿದು ಹೋದರೆ ತಿರುಗಣಿಯ ಕಂಬಗಳು ಕನ್ನಡಿಯಂತೆ ಮಿನುಗುವವು. ಕೋಟೆಯ ಕಂದಕದಲ್ಲಿಯೂ ಪೊದೆಗಳಲ್ಲಿಯೂ ನವಿಲುಗಳು ತುಂಬಿರುವದರಿಂದ 2006ರಲ್ಲಿ 139 ಎಕರೆ ಭೂಮಿಯನ್ನು ನವಿಲುಧಾಮವೆಂದು ಸಾರಿರುವರು. ನಸುಕಿನಲ್ಲಿ ಹೋದವರಿಗೆ ದರ್ಶನ. ನಾವು ಮಧ್ಯಾಹ್ನಕ್ಕೆ ಹೋದುದರಿಂದ ಕೂಗು ಮಾತ್ರ ಕೇಳಿಬಂದಿತು.

ಶಿಗ್ಗಾವಿಯಲ್ಲಿ ಊಟ ಮಾಡಿ ಶಿಶುನಾಳಕ್ಕೆ ಹೋದೆವು. ಶರೀಫ ಸಾಹೇಬರು 1819ರಲ್ಲಿ ಇಲ್ಲಿ ಹುಟ್ಟಿ 1889ರಲ್ಲಿ ಇಲ್ಲಿಯೇ ದೇಹವಿಟ್ಟರು. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಗದ್ದಿಗೆಯ ಮುಂದೆ ಒಬ್ಬರು ಸಕ್ಕರೆ ಓದಿಸುತ್ತಿದ್ದರೆ ಮತ್ತೊಬ್ಬರು ಕಾಯಿ ಒಡೆಸುತ್ತಿದ್ದರು. ಯಾರು ಯಾವ ಮತದವರೆಂದು ವಿಚಾರಿಸುವ ಮನಸ್ಸೇ ಬರಲಿಲ್ಲ. ಇದೇ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು. ಸರಕಾರದವರು ಅಲ್ಲಿ ಹೊಸದಾಗಿ ಅರಮನೆಯೊಂದನ್ನು ಕಟ್ಟಿಸಿರುವರು. ಕಟ್ಟಡವು ಚೆನ್ನಾಗಿಯೇ ಇರುವದು; ಆದರೆ ಅರಮನೆಯನ್ನು ಬಿಟ್ಟು ಹೋದವನಿಗೆ ಅರಮನೆ ಕಟ್ಟಿಸುವದರಲ್ಲಿ ಏನೋ ವಿನೋದವಿದೆ.

ಹಾನಗಲ್ಲಿನ ದಾರಿಯಲ್ಲಿ ನೆಲದ ಬಣ್ಣವೇ ಬದಲಾಗುವದು. ಎರೆಯು ಹಿಂದಾಗಿ ಕೆಂಪುಮಣ್ಣು ಕಾಣುವದು. ಹತ್ತಿ ಹೋಗಿ ಬತ್ತ. ಬೇವು ಹೋಗಿ ಮಾವು. ಗಾಳಿಯಲ್ಲಿ ಮಲೆನಾಡಿನ ತಂಪು ಮೊದಲ ಸಲ ಮೈಗೆ ತಾಗುವದು. ಪಾನುಂಗಲ್ಲೆಂದು ಶಾಸನಗಳಲ್ಲಿ ಬರುವ ಈ ಊರು ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದಿತು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರಿಯು ಇದೇ ಎಂದು ಜನರ ನಂಬುಗೆ. 1196ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನು ಬಂದು ಆನೆಕೆರೆಯ ಬಳಿ ಪಾಳೆಯ ಬಿಟ್ಟು ಮುತ್ತಿಗೆ ಹಾಕಲು, ಕದಂಬ ಕಾಮದೇವನ ಸೇನಾನಿ ಸೋಹಣಿಯು ಹೊಡೆದಟ್ಟಿ ತಾನು ಮಡಿದನು. ಆನೆಕೆರೆಯು ಈಗಲೂ ಇದೆ. ದಂಡೆಯ ಮೇಲೆ ಮಕ್ಕಳು ಗಾಳ ಹಾಕಿ ಕುಳಿತಿದ್ದರು.

ತಾರಕೇಶ್ವರ ದೇವಾಲಯದ ಮಂಟಪದಲ್ಲಿ ನಾವು ಬಹಳ ಹೊತ್ತು ಅಂಗಾತ ಮಲಗಿದ್ದೆವು. ಆ ಛತ್ತನ್ನು ನೋಡುವ ಸರಿಯಾದ ರೀತಿ ಅದೇ. ಕಲ್ಲಿನ ಪದ್ಮವೊಂದು ಸುತ್ತುಸುತ್ತಾಗಿ ಮೇಲೇರಿ, ನಡುವಿನಿಂದ ಮತ್ತೆ ಕೆಳಗೆ ಜೋತುಬಿದ್ದಿರುವದು. ಹನ್ನೆರಡನೆಯ ಶತಮಾನದ ಆ ಕೈಗಳಿಗೆ ಕಲ್ಲು ಮೇಣವಾಗಿದ್ದಿತೋ ಏನೋ. ಹಾನಗಲ್ಲ ಸೀಮೆಗೆ ಸಂಗೀತದ ಒಂದು ಋಣಾನುಬಂಧವೂ ಉಂಟು. ಅಂಧಗಾಯಕರಾದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿಯೂ, ಪುಟ್ಟರಾಜ ಗವಾಯಿಗಳು 1914ರಲ್ಲಿ ದೇವರಹೊಸಪೇಟೆಯಲ್ಲಿಯೂ ಹುಟ್ಟಿದರು. ಎರಡೂ ಇದೇ ತಾಲೂಕಿನ ಹಳ್ಳಿಗಳು. ಹಾನಗಲ್ಲಿನ ಕುಮಾರಸ್ವಾಮಿಗಳು ಕೈಹಿಡಿಯದಿದ್ದರೆ ಕಣ್ಣಿಲ್ಲದ ಪಂಚಾಕ್ಷರಿಯ ಕಂಠವು ನಾಡಿಗೆ ದಕ್ಕುತ್ತಿದ್ದಿತೋ ಇಲ್ಲವೋ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರೂ ಹಾನಗಲ್ಲ ಎಂಬ ಹೆಸರಿನಿಂದಲೇ ಜಗತ್ತಿಗೆ ಪರಿಚಿತರಾದರು.

ಹಿರೇಕೆರೂರೆಂದರೆ ಹಿರಿಯ ಕೆರೆಯ ಊರು. ದುರ್ಗಾದೇವಿಯ ಕೆರೆಯು ಊರಿಗೆ ಅಂಟಿಕೊಂಡೇ ಇರುವದು. ಸಮೀಪದ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತನ್ನ ತಲೆಯನ್ನು ತಾನೇ ಅರಿದುಕೊಂಡು ಏಳನೆಯ ದಿನ ಮರಳಿ ಪಡೆದ ಕಥೆಯನ್ನು ಶಾಸನದಲ್ಲಿ ಬರೆದು, ಕಲ್ಲಿನಲ್ಲಿ ಚಿತ್ರಿಸಿಯೂ ಇರುವರು. ಎರಡು ದಿನದ ಹಿಂದೆ ಬಂಕಾಪುರದ ಜೈನವಿದ್ಯೆಯ ನೆಲೆಯನ್ನು ಕಂಡುಬಂದ ನಾವು ಈ ಶಿಲ್ಪಗಳ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಸರ್ವಜ್ಞನ ತಾಯಿಯು ಇದೇ ಅಬಲೂರಿನವಳು, ತಂದೆಯು ಮಾಸೂರಿನವನು ಎಂದು ಐತಿಹ್ಯ.

ಮಾಸೂರಿನ ಮದಗದ ಕೆರೆಯು ನಮ್ಮ ಕೊನೆಯ ಬಿಡಾರ. ಎರಡು ಗುಡ್ಡಗಳ ನಡುವೆ ನುಗ್ಗಿಬರುವ ಕುಮುದ್ವತಿಗೆ ವಿಜಯನಗರದ ಕಾಲದವರು ಅಡ್ಡಲಾಗಿ ಏರಿ ಹಾಕಿದರು. ಏರಿಯೆಂದರೆ ಅದು ಮೂರನೆಯ ಗುಡ್ಡವೇ. ಮೇಲೆ ಮರಗಳು ಬೆಳೆದು ಮನುಷ್ಯರ ಕೆಲಸವೆಂಬ ಗುರುತೂ ಹತ್ತುವದಿಲ್ಲ. ಹಿಂದೊಮ್ಮೆ ನೀರು ಒಡೆದು ಹೋದ ಮೇಲೆ ಇಂಗ್ಲಿಷರ ಕಾಲದಲ್ಲಿ ದುರಸ್ತಿಯಾಯಿತು. ಈಗಿನ ಕೆರೆಯು ಮೊದಲಿನದರ ಒಂದು ಪಾಲು ಮಾತ್ರ. ಆ ಪಾಲಿನ ನೀರನ್ನೇ ನಂಬಿ ಕೆಳಗಿನ ಗದ್ದೆಗಳು ಹಸುರಾಗಿದ್ದವು. ನೀರು ಬಿಡುವ ಸರದಿಗಾಗಿ ಕಾಲುವೆಯ ಬದುವಿನ ಮೇಲೆ ಕುಳಿತಿದ್ದ ಹೆಣ್ಣುಮಗಳೊಬ್ಬಳನ್ನು, ಏರಿಯನ್ನು ಯಾರು ಕಟ್ಟಿಸಿದರಮ್ಮಾ ಎಂದು ಕೇಳಿದೆವು.

"ಯಾರೋ ರಾಜರಂತ್ರಿ. ಕಟ್ಟಿ ಹೋದ್ರು. ಹೂಳ ತಗಿಯಾರು ಮಾತ್ರ ಇನ್ನಾ ಬಂದಿಲ್ಲ ನೋಡ್ರಿ" ಎಂದು ನಕ್ಕು ಸಲಿಕೆಯನ್ನೆತ್ತಿಕೊಂಡಳು, ಅವಳ ಸರದಿ ಬಂದಿತ್ತು.

ಶ್ರಾವಣದಲ್ಲಿ ಕೆರೆಯು ಕೋಡಿ ಬಿದ್ದಾಗ ನೀರು ಬಂಡೆಗಳ ಮೇಲಿಂದ ಜಲಪಾತವಾಗಿ ಧುಮುಕುವದು. ನೋಡಬೇಕೆನ್ನುವವರು ಆ ತಿಂಗಳಲ್ಲಿಯೇ ಹೋಗಬೇಕು. ಬಂಡೆಗಳು ಬಹಳ ಜಾರುವವಾದ್ದರಿಂದ ಮಕ್ಕಳನ್ನು ಕೈಬಿಡಬಾರದು. ಮಾಸೂರಿನಿಂದ ಶಿಕಾರಿಪುರಕ್ಕೂ ಹಿರೇಕೆರೂರಿಗೂ ಬಸ್ಸುಗಳುಂಟು. ಸವಣೂರಿನ ಎಲೆಯನ್ನು ಮಾತ್ರ ಹೊರಡುವ ದಿವಸವೇ ಕೊಂಡು ಒದ್ದೆ ಅರಿವೆಯಲ್ಲಿ ಸುತ್ತಿಟ್ಟುಕೊಳ್ಳಬೇಕು. ನಮ್ಮವರು ಹಾಗೆ ಸುತ್ತಿಟ್ಟ ಐದೆಲೆಗಳು ನಾಲ್ಕನೆಯ ದಿವಸಕ್ಕೂ ಬಾಡಿರಲಿಲ್ಲ.